ಹಸಿದವನ ಸುಳ್ಳುಗಳು



ಇವತ್ತು ನಾನು ಹೇಳಹೊರಟಿರುವುದು ಬರೆಯಲಾಗದ ಒಬ್ಬ ಬರಹಗಾರನ ಕಥೆ. ನಾರ್ವೆಯ ಕ್ನೂಟ್ ಹಮ್ಸುನ್ 1890ರಲ್ಲಿ ಪ್ರಕಟಿಸಿದ ‘ಹಸಿವು’ ಕಾದಂಬರಿಯ ನಾಯಕನಿಗೆ ಹೆಸರೇ ಇಲ್ಲ. ಊರು ಕ್ರಿಸ್ಟಿಯಾನಿಯಾ, ಅಂದರೆ ಈಗಿನ ಓಸ್ಲೊ. ಬಾಡಿಗೆ ಬಾಕಿ, ಹೊಟ್ಟೆ ಖಾಲಿ. ಪತ್ರಿಕೆಗೆ ಕೊಟ್ಟ ಲೇಖನ ಒಂದು ಅಚ್ಚಾದರೆ ಇನ್ನೊಂದು ವಾಪಸು. ಮಧ್ಯಯುಗದ ಮೇಲೆ ಒಂದು ನಾಟಕ ಶುರುಮಾಡುತ್ತಾನೆ. ಅದನ್ನೂ ಹರಿದುಹಾಕುತ್ತಾನೆ.

ಇದನ್ನು ಬಡತನದ ಕಾದಂಬರಿ ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಸಂಪಾದಕರು ತಾವಾಗಿಯೇ ‘ಹಣ ಬೇಕಿತ್ತೇನು, ಮುಂಗಡ ಕೊಡಲೇ’ ಎಂದು ಕೇಳುತ್ತಾರೆ. ಇವನು ಬೇಡ ಅನ್ನುತ್ತಾನೆ! ಮೈಮೇಲಿನ ವೇಸ್ಟ್‌ಕೋಟನ್ನು ಗಿರವಿ ಇಟ್ಟು, ಬಂದ ದುಡ್ಡಿನಲ್ಲಿ ಮೊದಲು ಭಿಕ್ಷುಕನಿಗೆ ಕೊಡುತ್ತಾನೆ. ಆಮೇಲೆ ಅದರ ಜೇಬಿನಲ್ಲಿ ಮೋಟು ಪೆನ್ಸಿಲ್ ಉಳಿದದ್ದು ನೆನಪಾಗಿ ಗಿರವಿ ಅಂಗಡಿಗೆ ಓಡುತ್ತಾನೆ. ಪೆನ್ಸಿಲ್ ಬಿಟ್ಟುಹೋಯಿತು ಎಂದರೆ ಸಾಕಿತ್ತು. ಇವನು ಆ ಮೋಟಿನಿಂದಲೇ ಮೂರು ಸಂಪುಟದ ತತ್ತ್ವಶಾಸ್ತ್ರ ಗ್ರಂಥ ಬರೆದದ್ದು ಎಂದು ಅಂಗಡಿಯವನ ಮುಂದೆ ಕೊಚ್ಚಿಕೊಳ್ಳುತ್ತಾನೆ. ಇವನನ್ನು ಉಪವಾಸ ಕೆಡಹಿದ್ದು ಬಡತನಕ್ಕಿಂತ ಬಿಂಕ ಅನ್ನುವುದು ನನ್ನ ವಾದ. ಕಾಗದದ ಮೇಲೆ ಇಳಿಯದ ಕಥೆಗಳೆಲ್ಲ ಇವನ ಬಾಯಿಂದ ಸುಳ್ಳಾಗಿ ಹೊರಬೀಳುತ್ತವೆ.

ಉದ್ಯಾನದ ಬೆಂಚಿನ ಪ್ರಸಂಗ ನೋಡಿ. ಪಕ್ಕದಲ್ಲಿ ಒಬ್ಬ ಮುದುಕ ಬಂದು ಕೂತು, ನೀವು ಎಲ್ಲಿರುತ್ತೀರಿ ಎಂದು ವಿಚಾರಿಸುತ್ತಾನೆ. ನಮ್ಮವನು ಶುರುಮಾಡುತ್ತಾನೆ: ತನ್ನ ಮನೆ ಮಾಲೀಕ ಹಪ್ಪೊಲಾಟಿ ಎಂಬವನು, ಅವನು ವಿದ್ಯುತ್ತಿನ ಕೀರ್ತನೆ ಪುಸ್ತಕ ಕಂಡುಹಿಡಿದವನು, ಅವನ ಮಗಳು ರಾಜಕುಮಾರಿಯಂಥ ಸುಂದರಿ! ಮುದುಕ ಎಲ್ಲದಕ್ಕೂ ಹೂಂಗುಟ್ಟುತ್ತಾನೆ, ಒಂದಕ್ಕೂ ಬೆಚ್ಚುವುದಿಲ್ಲ. ಆಗ ಇವನಿಗೆ ಸಿಟ್ಟು ನೆತ್ತಿಗೇರುತ್ತದೆ. ಇಷ್ಟು ಅದ್ಭುತವಾದ ಸುಳ್ಳನ್ನು ಇಷ್ಟು ಸುಲಭವಾಗಿ ನಂಬುವುದೆಂದರೆ ಏನು ಎಂದು ಮುದುಕನ ಮೇಲೆ ಹರಿಹಾಯುತ್ತಾನೆ. ಓದುಗನೊಬ್ಬ ಸಿಕ್ಕಿದ, ಆದರೆ ಮೆಚ್ಚಿಕೊಳ್ಳದೆ ಬರಿದೇ ನಂಬಿಬಿಟ್ಟ. ಬರೆಯುವವರ ಈ ಅಸಮಾಧಾನವನ್ನು ಇಷ್ಟು ನಗು ಬರುವ ಹಾಗೆ ಹಿಡಿದ ಪುಟಗಳನ್ನು ನಾನು ಬೇರೆಲ್ಲೂ ಓದಿಲ್ಲ.

ಸುಳ್ಳಿಗೆ ಬೆಲೆ ತೆರಬೇಕಾಗುವುದು ಪೊಲೀಸ್ ಠಾಣೆಯಲ್ಲಿ. ಮಲಗಲು ಜಾಗವಿಲ್ಲದೆ ಅಲ್ಲಿಗೆ ಹೋಗಿ, ತಾನು ಆಂಡ್ರೇಯಸ್ ಟಾಂಗೆನ್ ಎಂಬ ಪತ್ರಕರ್ತ, ಹೊತ್ತು ಮೀರಿತು, ಮನೆಯ ಬೀಗದ ಕೈ ಇಲ್ಲ ಅನ್ನುತ್ತಾನೆ. ಮರ್ಯಾದಸ್ಥ ಎಂದು ಪ್ರತ್ಯೇಕ ಕೋಣೆ ಕೊಡುತ್ತಾರೆ. ಬೆಳಿಗ್ಗೆ ನಿರ್ಗತಿಕರಿಗೆಲ್ಲ ಊಟದ ಚೀಟಿ ಹಂಚುತ್ತಾರೆ. ಪತ್ರಕರ್ತರಿಗೆ ಊಟದ ಚೀಟಿ ಯಾಕೆ? ತಾನೇ ಹೆಣೆದ ಪಾತ್ರದೊಳಗೆ ಸಿಕ್ಕಿಕೊಂಡವನು ಹಸಿದ ಹೊಟ್ಟೆಯಲ್ಲೇ ಬೀದಿಗೆ ಬೀಳುತ್ತಾನೆ.

ಇನ್ನು ಪ್ರೇಮ. ಅದೂ ಸುಳ್ಳಿನಿಂದಲೇ ಮೊದಲಾಗುತ್ತದೆ. ಬೀದಿಯಲ್ಲಿ ಕಂಡ ಅಪರಿಚಿತೆಗೆ ‘ನಿಮ್ಮ ಪುಸ್ತಕ ಬೀಳುತ್ತಿದೆ’ ಎಂದು ಮತ್ತೆ ಮತ್ತೆ ಹೇಳುತ್ತಾನೆ. ಅವಳ ಕೈಯಲ್ಲಿ ಪುಸ್ತಕವೇ ಇಲ್ಲ. ಇಲಯಾಲಿ ಎಂದು ತನ್ನಷ್ಟಕ್ಕೆ ಅವಳಿಗೊಂದು ಹೆಸರಿಡುತ್ತಾನೆ. ಮುಂದೆ ಅವಳೇ ಇವನನ್ನು ಮನೆಗೆ ಕರೆಯುತ್ತಾಳೆ. ಕುಡಿದು ಬೀದಿ ಅಲೆಯುವ ಪುಂಡ ಎಂದುಕೊಂಡಿದ್ದಾಳೆ, ಅದೇ ಅವಳಿಗೆ ಇಷ್ಟವಾಗಿದೆ. ಸರಸ ಶುರುವಾಗುವ ಹೊತ್ತಿಗೆ ಇವನ ತಲೆಗೂದಲು ಉದುರುತ್ತಿರುವುದು ಅವಳ ಕಣ್ಣಿಗೆ ಬೀಳುತ್ತದೆ. ಆಗ ಇವನು ಅಪರೂಪಕ್ಕೆ ನಿಜ ಹೇಳಿಬಿಡುತ್ತಾನೆ: ಬೀದಿಯಲ್ಲಿ ಸಿಕ್ಕ ದಿನ ತಾನು ಕುಡಿದಿರಲಿಲ್ಲ. ಅವಳು ಹೆದರಿ ಹಿಂದೆ ಸರಿಯುತ್ತಾಳೆ. ಕುಡುಕನನ್ನು ಸಹಿಸಬಲ್ಲವಳಿಗೆ ಹಸಿವಿನಿಂದ ತಲೆ ಕೆಟ್ಟವನು ಬೇಡವಾಗುತ್ತಾನೆ. ಆಕೆಯನ್ನು ನಾನು ದೂರುವುದಿಲ್ಲ. ಆ ಕೋಣೆಯಲ್ಲಿ ಇಬ್ಬರೂ ಪ್ರೀತಿಸಿದ್ದು ಅಲ್ಲಿ ಇಲ್ಲದವರನ್ನು.

ಹಮ್ಸುನ್ ಕ್ರಿಸ್ಟಿಯಾನಿಯಾದಲ್ಲಿ ಸ್ವತಃ ಹಸಿದವನು. ಎರಡು ಸಲ ಅಮೆರಿಕಕ್ಕೆ ಹೋಗಿ, ಷಿಕಾಗೋದಲ್ಲಿ ಟ್ರಾಮ್ ಕಂಡಕ್ಟರ್ ಕೂಡ ಆಗಿದ್ದವನು. 1888ರಲ್ಲಿ ವಾಪಸಾಗುವಾಗ ಹಡಗು ಕ್ರಿಸ್ಟಿಯಾನಿಯಾದಲ್ಲಿ ನಿಂತರೂ ಇಳಿಯದೆ ಕೋಪನ್‌ಹೇಗನ್‌ಗೆ ಹೋಗಿ ಬರೆಯತೊಡಗಿದ. ಮನುಷ್ಯನನ್ನು ಒಂದು ಅಚ್ಚಿಗೆ ಹಾಕಿ ತೋರಿಸುವ ಸಾಹಿತ್ಯ ಸಾಕು, ಮನಸ್ಸಿನ ಹುಚ್ಚಾಟಗಳನ್ನು ಬರೆಯೋಣ ಎನ್ನುವುದು ಅವನ ಹಟ. 1891ರಲ್ಲಿ ಕ್ರಿಸ್ಟಿಯಾನಿಯಾದಲ್ಲಿ ಇದನ್ನೇ ಉಪನ್ಯಾಸ ಮಾಡುತ್ತ ನಾಟಕಕಾರ ಇಬ್ಸೆನ್‌ನನ್ನು ಟೀಕಿಸಿದ. ಇಬ್ಸೆನ್ ಮುಂದಿನ ಸಾಲಿನಲ್ಲೇ ಕೂತಿದ್ದ!

ಒಂದು ಮಾತನ್ನು ಮುಚ್ಚಿಡಲಾರೆ. 1920ರಲ್ಲಿ ನೊಬೆಲ್ ಪಡೆದ ಇದೇ ಹಮ್ಸುನ್ 1943ರಲ್ಲಿ ಆ ಪದಕವನ್ನು ನಾಜಿ ಪ್ರಚಾರ ಸಚಿವ ಗೋಬೆಲ್ಸ್‌ಗೆ ಒಪ್ಪಿಸಿದ. ಹಿಟ್ಲರ್ ಸತ್ತಾಗ ಅವನನ್ನು ಕೊಂಡಾಡಿ ಪತ್ರಿಕೆಗೆ ಬರೆದ. ಅದಕ್ಕೆ ವಯಸ್ಸಿನ ನೆಪ ಹೇಳುವವರ ಜೊತೆ ನಾನಿಲ್ಲ. ಆದರೆ ತನ್ನ ಮೂವತ್ತರಲ್ಲಿ ಅವನು ಬರೆದ ಈ ಪುಸ್ತಕದಲ್ಲಿ ನಾಯಕನ ಒಂದು ಬಿಂಕವನ್ನೂ ಅವನು ಸಮರ್ಥಿಸಿಲ್ಲ. ಎಲ್ಲವನ್ನೂ ಬಯಲಿಗಿಟ್ಟು ನಗುತ್ತಾನೆ. ಕೊನೆಗೆ ಆ ಹುಡುಗ ಒಂದು ಹಡಗಿನಲ್ಲಿ ಕೂಲಿಗೆ ಸೇರಿ ಊರು ಬಿಡುತ್ತಾನೆ. ಮುಂದೆ ಬರೆದನೋ ಇಲ್ಲವೋ, ಕಾದಂಬರಿ ಹೇಳುವುದಿಲ್ಲ.

ಇಂಗ್ಲಿಷಿನಲ್ಲಿ ಓದುವವರಿಗೆ ಒಂದು ಸೂಚನೆ: ಜಾರ್ಜ್ ಎಗರ್ಟನ್ ಅವರ 1899ರ ಅನುವಾದದಲ್ಲಿ ಶೃಂಗಾರದ ಭಾಗಗಳಿಗೆ ಕತ್ತರಿ ಬಿದ್ದಿದೆ. ಸ್ವೆರ್ರೆ ಲಿಂಗ್‌ಸ್ಟಾಡ್ ಅವರ 1996ರ ಅನುವಾದವನ್ನೇ ಹುಡುಕಿ ಓದಿ.