ಗುಜರಿ ಸಾಮಾನಿನ ಕೋಳಿ ಗೂಡು: ಎಲ್ಲಿ ದುಡ್ಡು ಉಳಿಸಬೇಕು, ಎಲ್ಲಿ ಉಳಿಸಬಾರದು

ಹೈದರಾಬಾದಿಗೆ ಬಂದು ಒಂಬತ್ತು ವರ್ಷ ಆಯ್ತು, ನನ್ನ ತೆಲುಗು ಇನ್ನೂ ಆಫೀಸ್ ಕ್ಯಾಂಟೀನ್ ಮಟ್ಟದ್ದೇ. ಗುಜರಿ ಅಂಗಡಿಗೆ ಹೋಗಿ, ಅರ್ಧ ತೆಲುಗು ಅರ್ಧ ಕನ್ನಡ ಸೇರಿಸಿ ‘ಕೋಡಿ ಗೂಡು’ ಮಾಡೋಕೆ ಸಾಮಾನು ಬೇಕು ಅಂದೆ. ಅವನು ಪಕ್ಕದ ಕಿರಾಣಿ ಅಂಗಡಿ ಕಡೆ ಕೈ ತೋರಿಸಿದ. ತೆಲುಗಲ್ಲಿ ‘ಕೋಡಿ ಗುಡ್ಡು’ ಅಂದ್ರೆ ಕೋಳಿ ಮೊಟ್ಟೆ!

ನಾವಿರೋದು ಊರ ಹೊರಗೆ, ಹಿತ್ತಲಿರೋ ಬಾಡಿಗೆ ಮನೆ. ಮಾಲೀಕರದ್ದು ಒಂದೇ ಷರತ್ತು, ಗೋಡೆಗೆ ಮೊಳೆ ಹೊಡೀಬಾರದು. ಹಾಗಾಗಿ ಗೂಡು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕಿತ್ತು. ಅಪಾರ್ಟ್‌ಮೆಂಟಲ್ಲಿ ಇರೋರು ಮೊದಲು ಅಸೋಸಿಯೇಶನ್ ನಿಯಮ ನೋಡ್ಕೊಳ್ಳಿ, ಆಮೇಲೆ ಈ ವಿಡಿಯೊ ನೋಡಿ.

ಸರ್ವರ್ ಬಂದಿದ್ದ ಮರದ ಪ್ಯಾಲೆಟ್‌ಗಳು ಆಫೀಸ್ ಹಿಂದೆ ಬಿದ್ದಿದ್ದವು, ಕೇಳಿ ತಂದೆ. ಕೆಡವಿದ ಮನೆಯೊಂದರ ಕಿಟಕಿ ಗ್ರಿಲ್, ಚುನಾವಣೆ ಮುಗಿದ ಮೇಲೆ ಉಳಿದ ಫ್ಲೆಕ್ಸ್, ಎರಡು ತಗಡು. ಸುತ್ತ ಕಟ್ಟೋಕೆ ಗುಜರಿಯಲ್ಲೇ ಸಿಕ್ಕ ಚಿಕನ್ ಮೆಶ್. ಒಟ್ಟು ಖರ್ಚು 1,850 ರೂಪಾಯಿ. ಫೋಟೊ ತೆಗೆದು ಎಲ್ಲ ವಾಟ್ಸಾಪ್ ಗ್ರೂಪಿಗೂ ಹಾಕಿದೆ. ಆರು ವನರಾಜ ಹೇಂಟೆ ತಂದ್ವಿ. ನಮ್ಮ ಗಿರಿರಾಜ ಬೆಂಗಳೂರಿನ ಹೆಬ್ಬಾಳದ್ದಾದ್ರೆ, ವನರಾಜ ಇಲ್ಲೇ ರಾಜೇಂದ್ರನಗರದ ಕೋಳಿ ಸಂಶೋಧನಾ ಸಂಸ್ಥೆ ರೂಪಿಸಿದ ತಳಿ. ಮಗಳು ಆರಕ್ಕೂ ಹೆಸರಿಟ್ಟಳು.

ಮೂರನೇ ವಾರ, ಒಂದು ರಾತ್ರಿ ಬೀದಿ ನಾಯಿಗಳು ಬಂದ್ವು. ಬೆಳಿಗ್ಗೆ ನೋಡಿದ್ರೆ ನಾಲ್ಕು ಸತ್ತು ಬಿದ್ದಿವೆ, ಎರಡು ಕಾಂಪೌಂಡ್ ಮೇಲೆ ಹತ್ತಿ ಕೂತಿವೆ. ಮಗಳು ಏಳೋದರೊಳಗೆ ನೆಲ ತೊಳೆದೆ.

ಊರಿಗೆ ಫೋನ್ ಮಾಡಿ ಅವ್ವಂಗೆ ಹೇಳಿದೆ. ನಮ್ಮ ಕೊಪ್ಪಳದ ಕಡೆ ಹಳ್ಳಿಮನೆಯಲ್ಲಿ ಗೂಡು ಗೀಡು ಏನೂ ಇರಲಿಲ್ಲ. ಸಂಜೆ ಬಿದಿರು ಬುಟ್ಟಿ ಬೋರಲು ಹಾಕಿ ಮೇಲೊಂದು ಕಲ್ಲು ಇಡೋದು, ಅಷ್ಟೇ. ಎಲ್ಲ ಕೇಳಿಸಿಕೊಂಡು ಅವ್ವ ಅಂದಳು, “ಕೋಳಿ ಹೊರಗ ಹೋಗ್ಲಾರ್ದಂಗ ಕಟ್ಟೀದಿ, ನಾಯಿ ಒಳಗ ಬರ್ಲಾರ್ದಂಗ ಕಟ್ಟಿಲ್ಲ.”

ತಪ್ಪು ಇದ್ದದ್ದು ಅಲ್ಲೇ. ಚಿಕನ್ ಮೆಶ್ ಅಂತ ಮಾರೋ ಆರು ಮೂಲೆ ಕಣ್ಣಿನ ಜಾಲರಿ ತೆಳು ತಂತೀದು, ಹೆಣೆದಿರೋದು. ಕೋಳಿಯನ್ನ ಒಳಗಿಡೋಕೆ ಸಾಕು. ನಾಯಿ ಹಲ್ಲು ಹಾಕಿ ಎಳೆದ್ರೆ ಬಿಚ್ಚಿಕೊಳ್ಳುತ್ತೆ. ಹಳೇದಾಗಿ ತುಕ್ಕು ಹಿಡಿದಿದ್ರೆ ಕೇಳೋದೇ ಬೇಡ.

ಎರಡನೇ ಸಲ ಮರ, ಗ್ರಿಲ್, ತಗಡು ಎಲ್ಲ ಹಳೇವೇ. ಜಾಲರಿ, ಸ್ಕ್ರೂ, ಚಿಲಕ ಮಾತ್ರ ಹೊಸದು ತಂದೆ: ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಮೆಶ್. ಈ ಕಣ್ಣಲ್ಲಿ ಹೆಗ್ಗಣ, ಮುಂಗುಸಿ ಕೂಡ ತೂರಲ್ಲ. ಮೊಳೆ ಬದಲು ಸ್ಕ್ರೂಗೆ ಅಗಲವಾದ ವಾಷರ್ ಹಾಕಿ ಬಿಗಿದೆ. ನಾಯಿ ಬುಡದಲ್ಲಿ ಕೆರೆದು ನುಗ್ಗಬಾರದು ಅಂತ, ಗೂಡಿನ ಸುತ್ತ ಹೊರಗಡೆಗೆ ಒಂದೂವರೆ ಅಡಿ ಜಾಲರಿ ನೆಲಕ್ಕೆ ಹಾಸಿ, ಮೇಲೆ ಮಣ್ಣು, ಕಲ್ಲು ಹೇರಿದೆ. ಇದಕ್ಕೇ 3,400 ಆಯ್ತು. ಈ ಸಲ ಫೋಟೊ ಹಾಕಲಿಲ್ಲ.

ಪ್ಯಾಲೆಟ್ ತರೋರು ಅದರ ಮೇಲಿನ ಮುದ್ರೆ ಓದಿ. ‘ಎಚ್‌ಟಿ’ ಅಂತಿದ್ರೆ ಹುಳ ಸಾಯಲಿ ಅಂತ ಬಿಸಿ ಮಾಡಿದ ಮರ, ತರಬಹುದು. ‘ಎಂಬಿ’ ಅಂದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷಾನಿಲ ಕೊಟ್ಟಿದ್ದು, ಬಿಡಿ. ಎಣ್ಣೆ, ಕೆಮಿಕಲ್ ಚೆಲ್ಲಿದ ಕಲೆ ಇದ್ರೂ ಬಿಡಿ. ಹಳೇ ಕಲ್ನಾರು ಶೀಟು ಪುಕ್ಕಟೆ ಕೊಟ್ರೂ ಬೇಡ. ಕೊಯ್ದಾಗ ಏಳೋ ಧೂಳು ನಮ್ಮ ಶ್ವಾಸಕೋಶಕ್ಕೇ ಹೋಗೋದು. ಹಳೇ ಬಾಗಿಲ ಬಣ್ಣದಲ್ಲಿ ಸೀಸ ಇರಬಹುದು, ಕೋಳಿ ಸಿಕ್ಕಿದ್ದೆಲ್ಲ ಕುಕ್ಕುತ್ತೆ. ಬಣ್ಣ ಕಾಣದ ಮರವೇ ವಾಸಿ.

ನಾಯಿ ಬಿಟ್ರೆ ಇಲ್ಲಿನ ಇನ್ನೊಂದು ಶತ್ರು ಮೇ ತಿಂಗಳು. ಕೋಳಿಗೆ ಬೆವರು ಬರಲ್ಲ. ಕೊಕ್ಕು ತೆರೆದು ಏದುಸಿರು ಬಿಡ್ತಾ, ರೆಕ್ಕೆ ಅಗಲಿಸಿ ನಿಂತಿದ್ರೆ ಸೆಖೆ ತಡೀತಿಲ್ಲ ಅಂತ ಅರ್ಥ. ಬರೀ ತಗಡಿನ ಕೆಳಗೆ ಅದು ಬೇಯುತ್ತೆ. ತಗಡಿನ ಮೇಲೆ ರೀಪು ಬಡಿದು, ನಾಲ್ಕು ಬೆರಳು ಸಂದು ಬಿಟ್ಟು ಫ್ಲೆಕ್ಸನ್ನ ಬಿಳಿ ಬೆನ್ನು ಮೇಲಾಗಿ ಕಟ್ಟಿದೆ. ನಾಯಕರ ಮುಖ ಈಗ ಕೆಳಗಾಗಿದೆ. ಎದುರುಬದುರು ಎರಡು ಗೋಡೆಗಳ ಮೇಲ್ಭಾಗದಲ್ಲಿ ಬರೀ ಜಾಲರಿ, ಗಾಳಿ ಆಡಲಿ ಅಂತ.

ಒಳಗೆ ಕೋಳಿಗೆ ನಾಲ್ಕು ಚದರ ಅಡಿ ಲೆಕ್ಕ ಹಿಡಿದೆ. ಆರಕ್ಕೆ ಆರಡಿ ನಾಲ್ಕಡಿ ಸಾಕು. ವನರಾಜ ಭಾರದ ಕೋಳಿ, ಕೂರೋ ಕೋಲು ಎರಡಡಿಗಿಂತ ಮೇಲೆ ಬೇಡ, ಧುಮುಕಿದ್ರೆ ಕಾಲಿಗೆ ಪೆಟ್ಟು. ಮೊಟ್ಟೆಯಿಡೋಕೆ ಅಂತ ಹಳೇ ಸಿಪಿಯು ಕ್ಯಾಬಿನೆಟ್ ಅಂಚು ಉಜ್ಜಿ, ಹುಲ್ಲು ಹಾಕಿ ಇಟ್ಟೆ. ನನಗೆ ಬಹಳ ಇಷ್ಟ ಆಗಿತ್ತು, ಅವು ಮೂಸಿಯೂ ನೋಡಲಿಲ್ಲ. ಟೊಮ್ಯಾಟೊ ಕ್ರೇಟಿಗೆ ಗೋಣಿಚೀಲ ಇಳಿಬಿಟ್ಟು ಕತ್ತಲೆ ಮಾಡಿದ ಮೇಲೆ ಅದರಲ್ಲೇ ಇಡ್ತಿವೆ.

ಹೋದ ತಿಂಗಳು ನಾಯಿಗಳು ಮತ್ತೆ ಬಂದಿದ್ವು. ಬುಡದಲ್ಲಿ ಕೆರೆದ ಗುರುತಿತ್ತು, ಜಾಲರಿ ಒಂಚೂರೂ ಅಲುಗಿಲ್ಲ. ಉಳಿದ ಎರಡರ ಜೊತೆಗೆ ನಾಲ್ಕು ಹೊಸವು ತಂದಿದೀವಿ. ಮಗಳು ಹೊಸವಕ್ಕೆ ಇನ್ನೂ ಹೆಸರಿಟ್ಟಿಲ್ಲ, ನಾನೂ ಕೇಳಿಲ್ಲ. ಆದ್ರೆ ರಾತ್ರಿ ಚಿಲಕ ಹಾಕಿದ್ಯಾ ಅಂತ ದಿನಾ ಕೇಳ್ತಾಳೆ.

ಅಳತೆ ಬೇಕಾದೋರು ಕೇಳಿ, ಹೇಳ್ತೀನಿ.