ಕೂಳೆ ಸುಡದಿದ್ದಕ್ಕೆ ಕೊಡೋ ದುಡ್ಡು ಯಾರ ಖಾತೆಗೆ ಹೋಗುತ್ತೆ?



ನವೆಂಬರ್ ಬಂತು ಅಂದ್ರೆ ದಿಲ್ಲಿ, ಗುರುಗ್ರಾಮ, ನೊಯ್ಡಾದಲ್ಲಿರೋ ನಾವೆಲ್ಲ ಮೊಬೈಲ್‌ನಲ್ಲಿ ಎಕ್ಯೂಐ ನೋಡ್ತೀವಿ, ಆಮೇಲೆ ರೈತರನ್ನ ಬೈತೀವಿ. "ಇಷ್ಟೊಂದು ಸಬ್ಸಿಡಿ ಕೊಟ್ರೂ ಭತ್ತದ ಕೂಳೆ ಸುಡ್ತಾರಲ್ಲ!" ಇವತ್ತು ಆ ಸಬ್ಸಿಡಿ ಬಗ್ಗೆಯೇ ಮಾತಾಡೋಣ.

ಮೊದಲನೆಯದು ಯಂತ್ರದ ಸಬ್ಸಿಡಿ. 2018ರಿಂದ ಕೇಂದ್ರ ಸರ್ಕಾರ ಹ್ಯಾಪಿ ಸೀಡರ್, ಸೂಪರ್ ಸೀಡರ್‌ನಂಥ ಯಂತ್ರಗಳಿಗೆ ಒಬ್ಬ ರೈತನಿಗಾದರೆ ಶೇ. 50, ಸಂಘ ಮತ್ತು ಬಾಡಿಗೆ ಕೇಂದ್ರಗಳಿಗೆ ಶೇ. 80ರವರೆಗೆ ಕೊಡ್ತಾ ಬಂದಿದೆ. ಉಳಿದ ಅರ್ಧ ಹಣ ಕೈಯಲ್ಲಿ ಇರಬೇಕು, ಯಂತ್ರ ಎಳೆಯೋಕೆ ದೊಡ್ಡ ಟ್ರ್ಯಾಕ್ಟರೂ ಬೇಕು. ಅಂದ್ರೆ ಮೊದಲೇ ಇದ್ದವರಿಗೆ ಇದು ಸುಲಭ. 2022ರಲ್ಲಿ ಪಂಜಾಬ್ ಸರ್ಕಾರವೇ ಪರಿಶೀಲನೆ ಮಾಡಿದಾಗ, ಸಬ್ಸಿಡಿ ಪಡೆದ ಯಂತ್ರಗಳಲ್ಲಿ 11 ಸಾವಿರಕ್ಕೂ ಹೆಚ್ಚು ಪತ್ತೆಯೇ ಇರಲಿಲ್ಲ.

ಎರಡನೆಯದು ಎಕರೆ ಲೆಕ್ಕದ ಹಣ. ಹರಿಯಾಣದ 'ಮೇರಾ ಪಾನಿ ಮೇರಿ ವಿರಾಸತ್' 2020ರಲ್ಲಿ ಶುರುವಾಯ್ತು. ಅಂತರ್ಜಲ ಉಳಿಸೋಕೆ ಭತ್ತ ಬಿಟ್ಟು ಬೇರೆ ಬೆಳೆ ಹಾಕಿದ್ರೆ ಆಗ ಎಕರೆಗೆ 7,000 ರೂಪಾಯಿ ಇತ್ತು. ಕೂಳೆ ಸುಡದೆ ನಿರ್ವಹಿಸಿದ್ರೂ ಎಕರೆ ಲೆಕ್ಕದಲ್ಲಿ ಪ್ರೋತ್ಸಾಹಧನ ಇದೆ. ಎರಡಕ್ಕೂ 'ಮೇರಿ ಫಸಲ್ ಮೇರಾ ಬ್ಯೋರಾ' ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು.

ನಾನು ಸಾಫ್ಟ್‌ವೇರ್ ಕೆಲಸದವನು, ಇದನ್ನ ಒಂದು ಟೇಬಲ್ ಥರ ನೋಡ್ತೀನಿ. ಟೇಬಲ್‌ನ ಕೀ ಯಾವುದು? ಜಮೀನು. ಆದರೆ ಕರ್ನಾಲ್, ಪಾಣಿಪತ್ ಕಡೆ ಎಷ್ಟೋ ಹೊಲ 'ಠೇಕಾ'ದ ಮೇಲೆ, ಬಾಯಿಮಾತಿನ ಗುತ್ತಿಗೆಯಲ್ಲಿ ನಡೆಯುತ್ತೆ. ಉಳುವವನ ಹೆಸರು ಭೂದಾಖಲೆಯಲ್ಲಿ ಇರಲ್ಲ. ಲೆಕ್ಕಕ್ಕೆ 8 ಎಕರೆ ಗುತ್ತಿಗೆ ಅಂದುಕೊಳ್ಳಿ. ಬೆಳೆ ಬದಲಿಸಿದ ರಿಸ್ಕ್ ಪೂರ್ತಿ ಅವನದು. ಆಗಿನ ದರದ 56,000 ರೂಪಾಯಿ ಅವನಿಗೆ ಸಿಗಬೇಕಾದ್ರೆ ಮಾಲೀಕ ಮನಸ್ಸು ಮಾಡಬೇಕು.

ಇನ್ನು ದಂಡ? 2024ರ ನವೆಂಬರ್‌ನಲ್ಲಿ ಅದು ದುಪ್ಪಟ್ಟಾಯ್ತು: 2 ಎಕರೆಗಿಂತ ಕಡಿಮೆ ಇದ್ದವರಿಗೆ 5,000, 5 ಎಕರೆ ಮೀರಿದ್ರೆ 30,000. ಹರಿಯಾಣದಲ್ಲಿ 'ರೆಡ್ ಎಂಟ್ರಿ' ಬಿದ್ರೆ ಎರಡು ಹಂಗಾಮು ಮಂಡಿಯಲ್ಲಿ ಮಾರೋ ಹಾಗಿಲ್ಲ. ಠೇಕಾ ಮುಂಗಡ ಕೊಟ್ಟು ಕೂತವನಿಗೆ ಇದು ಹೊಟ್ಟೆ ಮೇಲಿನ ಹೊಡೆತ.

ನಮ್ಮ ಕರ್ನಾಟಕ ಬೇರೆ ಏನಲ್ಲ. ಫ್ರೂಟ್ಸ್ ಐಡಿ ನಿಂತಿರೋದು ಪಹಣಿ ಮೇಲೆ. 1974ರ ತಿದ್ದುಪಡಿ ಗೇಣಿದಾರರಿಗೆ ಭೂಮಿ ಕೊಡಿಸಿತು, ದೊಡ್ಡ ಕೆಲಸ. ಆದರೆ ಗೇಣಿ ನಿಷೇಧ ಆದ ಮೇಲೆ ವಾರಕ್ಕೆ, ಗುತ್ತಿಗೆಗೆ ಮಾಡೋದು ನಿಂತಿಲ್ಲ, ಕಾಗದದಿಂದ ಮಾಯವಾಯ್ತು ಅಷ್ಟೆ. ಬರೆದುಕೊಟ್ರೆ ಜಮೀನು ಕೈತಪ್ಪುತ್ತೆ ಅನ್ನೋ ಭಯ ಮಾಲೀಕರಿಗೆ ಇವತ್ತಿಗೂ ಇದೆ.

ಪರಿಹಾರ? ಆಂಧ್ರಪ್ರದೇಶ 2019ರ ಕಾನೂನಿನಲ್ಲಿ ಸಾಗುವಳಿದಾರನಿಗೆ 11 ತಿಂಗಳ ಕಾರ್ಡ್ ಕೊಟ್ಟಿತು. ಬೆಳೆ ಮೇಲೆ ಹಕ್ಕು, ಭೂಮಿ ಮೇಲೆ ಇಲ್ಲ. ಆ ಕಾನೂನಿನಲ್ಲೂ ಮಾಲೀಕರ ಸಹಿ ಬೇಕಿತ್ತು, ತೊಡಕು ಅಲ್ಲೇ. ಹಾಗಾಗಿ ನಾನು ಕೇಳೋದು ಇಷ್ಟೇ: ಅರ್ಜಿಯಲ್ಲಿ 'ಈ ಹಂಗಾಮಿನಲ್ಲಿ ಉಳುವವರು ಯಾರು' ಅಂತ ಇನ್ನೊಂದು ಕಾಲಂ ಇರಲಿ. ಹೊಲ ನೋಡೋಕೆ ಹೋದ ಅಧಿಕಾರಿ, ಪಂಚಾಯ್ತಿಯವರ ಮುಂದೆ ಅದನ್ನ ತುಂಬಲಿ. ಸುಡದೇ ಇದ್ದವನಿಗೇ ದುಡ್ಡು ತಲುಪಿದ್ರೆ ತಾನೇ ಮುಂದಿನ ವರ್ಷವೂ ಅವನು ಸುಡದೇ ಇರೋದು?

ನಿಮ್ಮ ಊರಲ್ಲಿ ಹೇಗಿದೆ, ಬರೆದು ತಿಳಿಸಿ.