ಎರಡು ಚಿಕ್ಕ ದೇಶಗಳ ಶೇಂಗಾ ಲೆಕ್ಕ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಕರಾವಳಿಯವರು ನೆಲಗಡಲೆ ಎನ್ನುತ್ತಾರೆ, ವಿಜಾಪುರ ಧಾರವಾಡದ ಕಡೆಯವರು ಶೇಂಗಾ ಎನ್ನುತ್ತಾರೆ. ಹೆಸರು ಏನೇ ಇರಲಿ, ಅದರ ಎಣ್ಣೆಯ ವಾಸನೆ ನಮ್ಮಲ್ಲಿ ಅನೇಕರ ಅಂಗಿಗೇ ಹತ್ತಿದ್ದುಂಟು. ಆಫ್ರಿಕದ ಪಶ್ಚಿಮ ತೀರದಲ್ಲಿ ಈ ಕಾಯಿಯನ್ನೇ ನೆಚ್ಚಿಕೊಂಡಿದ್ದ ಎರಡು ಚಿಕ್ಕ ದೇಶಗಳಿವೆ. ಒಂದು ಗಾಂಬಿಯ, ನದಿಯ ಎರಡು ದಡ ಬಿಟ್ಟರೆ ಅದಕ್ಕೆ ಬೇರೆ ನೆಲವೇ ಇಲ್ಲ. ಅದರ ದಕ್ಷಿಣಕ್ಕೆ, ಸೆನೆಗಾಲಿನ ಒಂದು ಪಟ್ಟಿ ದಾಟಿದರೆ, ಗಿನಿ-ಬಿಸಾವು. ಮೊದಲನೆಯದನ್ನು ಬ್ರಿಟಿಷರು ಆಳಿದರು, ಎರಡನೆಯದನ್ನು ಪೋರ್ಚುಗೀಸರು.

ಬೆಳೆಯ ಅಂಕಿಗಳನ್ನು ಮಾತ್ರ ನೋಡಿದವನಿಗೆ ಏನು ಕಾಣುತ್ತದೆ? 1970ರ ದಶಕದ ಮೊದಲರ್ಧದಲ್ಲಿ ಗಾಂಬಿಯ ವರ್ಷಕ್ಕೆ ಲಕ್ಷ ಟನ್ನಿಗೂ ಮೇಲೆ ಶೇಂಗಾ ತೆಗೆಯಿತು. ಅದಕ್ಕೆ ಮೊದಲೇ ಗಿನಿ-ಬಿಸಾವಿನ ಬೆಳೆ ಕುಸಿದಿತ್ತು. ಅಲ್ಲಿಯವರು ಜಾಣರು, ಇಲ್ಲಿಯವರು ಸೋಮಾರಿಗಳು ಎಂದು ತೀರ್ಪು ಕೊಡುವುದು ಸುಲಭ. ಕೊಳ್ಳುವವನು ಯಾರು, ದರ ಕಟ್ಟುವವನು ಯಾರು ಎಂದು ಕೇಳಿದ ಮೇಲೆ ಆ ತೀರ್ಪು ನಿಲ್ಲುವುದಿಲ್ಲ.

ಗಾಂಬಿಯದಿಂದ ಶೇಂಗಾ ಹಡಗು ಹತ್ತಿದ್ದು 1830ರ ದಶಕದಲ್ಲಿ. ಫ್ರಾನ್ಸಿನ ಎಣ್ಣೆ ಗಾಣಗಳಿಗೂ ಸಾಬೂನು ಕಾರ್ಖಾನೆಗಳಿಗೂ ಅದು ಬೇಕಾಗಿತ್ತು. ಬೆಳೆಯುವವರು ಬರೀ ಊರಿನವರಲ್ಲ. ಮಳೆಗೆ ಮುಂಚೆ ಇಂದಿನ ಮಾಲಿ, ಸೆನೆಗಾಲ್, ಗಿನಿ ಕಡೆಗಳಿಂದ ಯುವಕರು ಬರುತ್ತಿದ್ದರು. ಆಳುವವರು ಅವರಿಗೆ ಇಟ್ಟ ಹೆಸರು ‘ಪರಕೀಯ ರೈತರು’. ಒಬ್ಬ ಯಜಮಾನ ಮನೆ, ಊಟ, ತುಂಡು ನೆಲ ಕೊಡುತ್ತಿದ್ದ; ಬದಲಿಗೆ ವಾರದಲ್ಲಿ ಕೆಲವು ದಿನ ಅವನ ಹೊಲದಲ್ಲಿ ದುಡಿಯಬೇಕು. ಉಳಿದ ದಿನ ತನ್ನ ತುಂಡಿನಲ್ಲಿ. ಕಾಯಿ ಮಾರಿ ಬಂದ ಹಣದೊಂದಿಗೆ ಊರಿಗೆ. ಧಣಿಯ ಹೋಟೆಲಿನಲ್ಲೇ ಉಂಡು, ಅಲ್ಲೇ ಮೇಜಿನ ಮೇಲೆ ಮಲಗಿ, ಊರಿಗೆ ಮನಿಯಾರ್ಡರು ಕಳಿಸಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹುಡುಗರಿಗೆ ಆ ತುಂಡು ನೆಲವೂ ಇರಲಿಲ್ಲ, ಅಷ್ಟೇ ವ್ಯತ್ಯಾಸ.

1949ರಲ್ಲಿ ಸರಕಾರ ಖರೀದಿಗೆ ಒಂದು ಮಂಡಳಿ ಮಾಡಿತು. ದರ ಅದು ಕಟ್ಟಿದ್ದೇ. ಹೊರದೇಶದಲ್ಲಿ ಬೆಲೆ ಏರಿದಾಗ ಹೆಚ್ಚಿನ ಹಣ ರೈತನ ಕೈಗೆ ಬಾರದೆ ಮಂಡಳಿಯ ಗಂಟಿಗೆ ಸೇರುತ್ತಿತ್ತು. ಕೆಟ್ಟ ವರ್ಷಕ್ಕೆ ಆಗುತ್ತದೆ ಎಂಬ ಸಮಾಧಾನ ಬೇರೆ. ಕೆಟ್ಟ ವರ್ಷಗಳೇನೋ ಬಂದವು. ಮಳೆ ಹಿಂದೆಗೆಯಿತು, 1980ರ ಸುಮಾರಿಗೆ ಬೆಳೆ ಅರ್ಧಕ್ಕಿಳಿಯಿತು. 1993ರಲ್ಲಿ ಮಂಡಳಿಯ ಆಸ್ತಿ ಒಂದು ಸ್ವಿಸ್ ಕಂಪನಿಯ ಪಾಲಾಯಿತು. 1999ರಲ್ಲಿ ಸರಕಾರವೇ ಅದರ ಕಾರ್ಖಾನೆಯನ್ನು ಕಿತ್ತುಕೊಂಡಿತು. ಆಮೇಲೆ ರೈತನಿಗೆ ಕಾಯಿಗೆ ನಗದಿನ ಬದಲು ಚೀಟಿ ಸಿಕ್ಕ ವರ್ಷಗಳೂ ಉಂಟು. ಚೀಟಿಯಿಂದ ಅಕ್ಕಿ ಬರುತ್ತದೆಯೇ?

ಈಗ ಗಿನಿ-ಬಿಸಾವಿಗೆ ಬರೋಣ. ಅಲ್ಲಿ ತೆರಿಗೆಯನ್ನು ನಗದಾಗಿ ಕಟ್ಟಬೇಕು. ನಗದಿಗೆ ಶೇಂಗಾ ಬೆಳೆಯಬೇಕು. ಬೆಳೆದದ್ದನ್ನು ಹೆಚ್ಚಾಗಿ ಕೊಳ್ಳುವವರು ಕಾಸಾ ಗೊವೇಯಾ, ಪೋರ್ಚುಗಲಿನ ದೊಡ್ಡ ಉದ್ಯಮ ಸಿ.ಯು.ಎಫ್.ನ ಅಂಗಡಿ. 1953ರಲ್ಲಿ ಅಲ್ಲಿಯ ಕೃಷಿ ಗಣತಿ ನಡೆಸಿದವರು ಅಮಿಲ್ಕಾರ್ ಕಬ್ರಾಲ್ ಎಂಬ ಕೃಷಿ ತಜ್ಞರು. ಹಳ್ಳಿ ಹಳ್ಳಿ ತಿರುಗಿ, ಯಾರ ಹೊಲದಲ್ಲಿ ಏನಿದೆ ಎಂದು ಬರೆದುಕೊಂಡ ಅದೇ ಮನುಷ್ಯ 1956ರಲ್ಲಿ ವಿಮೋಚನೆಯ ಪಕ್ಷ ಕಟ್ಟಿದರು. ಎಣಿಸಲು ಕಳಿಸಿದವರಿಗೆ ಇದು ಹೊಳೆದಿರಲಾರದು!

1959ರ ಆಗಸ್ಟ್ 3ರಂದು ಬಿಸಾವಿನ ಪಿಜಿಗೀತಿ ಹಡಗುಕಟ್ಟೆಯ ಕೂಲಿಗಳು ಹೆಚ್ಚು ಕೂಲಿ ಕೇಳಿ ಕೆಲಸ ನಿಲ್ಲಿಸಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು ಸುಮಾರು 50 ಮಂದಿ. ಸಹೋದರರೇ, ಆ ಕಟ್ಟೆಯಲ್ಲಿ ಮೂಟೆ ಹೊತ್ತವನೂ ಹೊಲದಲ್ಲಿ ಕಾಯಿ ಕಿತ್ತವನೂ ಒಂದೇ ವ್ಯಾಪಾರದ ಎರಡು ತುದಿ.

1963ರಲ್ಲಿ ಯುದ್ಧ ಶುರುವಾಯಿತು, 1974ರವರೆಗೆ ನಡೆಯಿತು. ಪಕ್ಷದ ಹಿಡಿತಕ್ಕೆ ಬಂದ ಊರುಗಳಲ್ಲಿ ಕಂಪನಿಗೆ ಶೇಂಗಾ ಬೇಡ, ಹೊಟ್ಟೆಗೆ ಭತ್ತ ಬೆಳೆಯಿರಿ ಎಂದರು. ರೈತರು ಹಾಗೆಯೇ ಮಾಡಿದರು. ಬಾಂಬುಗಳಿಂದ ಹಾಳಾದ ಹೊಲಗಳು ಬೇರೆ. ಪುಸ್ತಕದಲ್ಲಿ ಇವೆರಡೂ ಸೇರಿ ‘ಉತ್ಪಾದನೆ ಇಳಿಕೆ’ ಎಂದು ಒಂದೇ ಅಂಕಿಯಾಗುತ್ತವೆ. ಗಿರಣಿ ಮುಷ್ಕರದ ತಿಂಗಳಲ್ಲಿ ಬಟ್ಟೆಯ ಲೆಕ್ಕ ಇಳಿದರೆ ಮಗ್ಗ ಕೆಟ್ಟಿತ್ತು ಎಂದು ಹೇಳುತ್ತೇವೆಯೇ?

ಸ್ವಾತಂತ್ರ್ಯದ ನಂತರ ಶೇಂಗಾ ಅಲ್ಲಿ ಹಳೆಯ ಸ್ಥಾನಕ್ಕೆ ಮರಳಲಿಲ್ಲ. 1980ರ ದಶಕದಿಂದ ಗೋಡಂಬಿ ಮರಗಳು ನೆಲ ತುಂಬಿದವು. ಈಗ ಆ ದೇಶದ ರಫ್ತಿನಲ್ಲಿ ಹೆಚ್ಚು ಪಾಲು ಸಿಪ್ಪೆ ಸುಲಿಯದ ಗೋಡಂಬಿಯದೇ. ಅನೇಕ ರೈತರು ಬೀಜವನ್ನು ಹೊರಗಿನಿಂದ ಬಂದ ಅಕ್ಕಿಗೆ ಬದಲಾಯಿಸಿಕೊಳ್ಳುತ್ತಾರೆ. ಭತ್ತಕ್ಕಾಗಿ ಶೇಂಗಾ ಬಿಟ್ಟವರ ಮಕ್ಕಳು! ಹೀಗೆ ಕೊಂಡ ಬೀಜದ ದೊಡ್ಡ ಪಾಲು ಬರುವುದು ನಮ್ಮ ದೇಶಕ್ಕೆ. ಮಂಗಳೂರಿನ ಗೋಡಂಬಿ ಕಾರ್ಖಾನೆಗಳಿಗೆ ಪಶ್ಚಿಮ ಆಫ್ರಿಕದ ಮೂಟೆಗಳು ಇಳಿಯುತ್ತವೆ. ಅಲ್ಲಿ ಆ ಬೀಜ ಒಡೆದು ಸುಲಿಯುವ ಕೈಗಳಲ್ಲಿ ಹೆಚ್ಚಿನವು ಹೆಂಗಸರವು. ಇಲ್ಲಿ ಕುಳಿತ ಕೆಲವರ ಅಕ್ಕತಂಗಿಯರೂ ಅವರಲ್ಲಿದ್ದಾರು. ಊರಿಗೆ ಹೋದಾಗ ಒಂದು ಕಿಲೋ ತಿರುಳಿಗೆ ಅವರಿಗೆ ಎಷ್ಟು ಕೊಡುತ್ತಾರೆ ಎಂದು ಕೇಳಿಕೊಂಡು ಬನ್ನಿ. ಮುಂದಿನ ಸಭೆಯಲ್ಲಿ ಆ ಲೆಕ್ಕವನ್ನೂ ಇದರ ಪಕ್ಕದಲ್ಲಿ ಬರೆಯೋಣ.